ನಿಧಾನ ನೋವಾದ ರೋಹಿತ ಓದುವುದು ಹೇಗೆ? ವಿ1405 ಕ್ಯಾಸ್ ಹಿಡಿದು ಒಂದು ಅಭ್ಯಾಸ

ನೋವಾ ಅಂದರೆ ಥಟ್ಟನೆ ಹೊತ್ತಿಕೊಂಡು, ಕೆಲವೇ ವಾರಗಳಲ್ಲಿ ಮಂಕಾಗುವ ತಾರೆ ಎಂದು ಓದಿರುತ್ತೇವೆ. ವಿ1405 ಕ್ಯಾಸ್ ಎಂಬ ನೋವಾ ಹಾಗೆ ನಡೆದುಕೊಳ್ಳಲಿಲ್ಲ. ಜಪಾನಿನ ಹವ್ಯಾಸಿ ವೀಕ್ಷಕ ಯೂಜಿ ನಕಾಮುರಾ ಅವರು 2021ರ ಮಾರ್ಚ್ 18ರಂದು 135 ಮಿ.ಮೀ. ಲೆನ್ಸ್ ಹಾಕಿದ ಕ್ಯಾಮೆರಾದಲ್ಲಿ ಅದನ್ನು ಮೊದಲು ಕಂಡರು. ಆಗ ಅದರ ಕಾಂತಿಮಾನ 9.6 (ಕಾಂತಿಮಾನದ ಅಂಕಿ ಚಿಕ್ಕದಾದಷ್ಟೂ ಹೊಳಪು ಜಾಸ್ತಿ). ಆಮೇಲೆ 8ರ ಆಸುಪಾಸಿಗೆ ಏರಿ, ವಾರಗಟ್ಟಲೆ ಅಲ್ಲೇ ನಿಂತಿತು. ಇನ್ನು ಇಷ್ಟೇ ಅನ್ನುವಷ್ಟರಲ್ಲಿ ಮತ್ತೆ ಏರತೊಡಗಿತು. ಮೇ 10ರ ಸುಮಾರಿಗೆ 5.5ನ್ನೂ ದಾಟಿ, ಕತ್ತಲೆ ಆಕಾಶದಲ್ಲಿ ಬರಿಗಣ್ಣಿಗೇ ಕಾಣುವ ಹಾಗಾಯಿತು. ಅಂದರೆ ತುದಿ ಮುಟ್ಟಲು ಏಳು ವಾರಕ್ಕೂ ಜಾಸ್ತಿ ಹಿಡಿಯಿತು. ಅಲ್ಲಿಂದ ಇಳಿಯುವಾಗಲೂ ತಿಂಗಳುಗಟ್ಟಲೆ ಏರುತ್ತಾ ಇಳಿಯುತ್ತಾ ಹೋಯಿತು.

ರೋಹಿತ ಅಂದರೆ ತಾರೆಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ. ಅದರಲ್ಲಿ ಒಂದೊಂದು ಮೂಲವಸ್ತುವೂ ತನ್ನದೇ ತರಂಗಾಂತರಗಳಲ್ಲಿ ರೇಖೆ ಬಿಡುತ್ತದೆ. ಅದನ್ನು ಓದಲು ಕಲಿಯುವವರಿಗೆ ಈ ನೋವಾಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ವೇಗದ ನೋವಾ ಗಂಟೆಗಳಲ್ಲಿ ಮುಗಿಸುವುದನ್ನು ಇದು ದಿನಗಟ್ಟಲೆ, ವಾರಗಟ್ಟಲೆ ಎಳೆದು ತೋರಿಸಿತು. ಜೊತೆಗೆ ಅದರ ರೇಖೆಗಳಲ್ಲಿ ಇವತ್ತಿಗೂ ಬಿಡಿಸಲಾಗದ ಒಂದು ಒಗಟಿದೆ. ಅದನ್ನು ಎಂಟನೇ ಹಂತದಲ್ಲಿ ನೋಡೋಣ.

ಹಿನ್ನೆಲೆಗೆ ಇಷ್ಟು ಗೊತ್ತಿದ್ದರೆ ಸಾಕು. ನೋವಾ ಅಂದರೆ ಜೋಡಿ ತಾರೆ. ಅದರಲ್ಲೊಂದು ಶ್ವೇತ ಕುಬ್ಜ, ಅಂದರೆ ಇಂಧನ ಮುಗಿದು ಕುಗ್ಗಿದ ದಟ್ಟ ತಾರೆ. ಅದು ಜೊತೆಗಾರ ತಾರೆಯಿಂದ ಹೈಡ್ರೋಜನ್ ಎಳೆದುಕೊಂಡು ಮೈಮೇಲೆ ಪೇರಿಸಿಕೊಳ್ಳುತ್ತದೆ. ಆ ಪದರದ ತಳದಲ್ಲಿ ಒತ್ತಡ, ಬಿಸಿ ಮಿತಿಮೀರಿದಾಗ ಬೈಜಿಕ ಸಮ್ಮಿಲನ ಹತೋಟಿ ತಪ್ಪುತ್ತದೆ. ಪದರ ಹೊರಗೆ ಎಸೆಯಲ್ಪಡುತ್ತದೆ. ನಮಗೆ ಕಾಣುವ ಉತ್ಸರ್ಜನ (ಹೊಳೆಯುವ) ರೇಖೆಗಳು ಹೀಗೆ ಎಸೆದ ಅನಿಲದಿಂದ ಬರುತ್ತವೆ.

ರೇಖೆಗಳ ಹೆಸರಿನ ಬಗ್ಗೆ ಒಂದು ಮಾತು. ಹೀಲಿಯಂ-1 ಅಂದರೆ ಎಲೆಕ್ಟ್ರಾನ್ ಕಳೆದುಕೊಳ್ಳದ ಹೀಲಿಯಂ. ಹೀಲಿಯಂ-2 ಅಂದರೆ ಒಂದು ಕಳೆದುಕೊಂಡದ್ದು. ಕಬ್ಬಿಣ-7 ಅಂದರೆ ಆರು ಕಳೆದುಕೊಂಡದ್ದು. ಅಂಕಿ ದೊಡ್ಡದಾದಷ್ಟೂ ಅಲ್ಲಿನ ವಿಕಿರಣ ಉಗ್ರ ಎಂದು ತಿಳಿಯಿರಿ. ಮುಂದೆ ಕೊಟ್ಟಿರುವ ತರಂಗಾಂತರಗಳೆಲ್ಲ ಆಂಗ್‌ಸ್ಟ್ರಮ್‌ನಲ್ಲಿವೆ (ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು).

ಹಂತ 1: ರೋಹಿತ ಎಲ್ಲಿಂದ ತರುವುದು

ವಿ1405 ಕ್ಯಾಸ್ ಈಗ ಮಂಕಾಗಿದೆ. ಹಾಗಂತ ಕಲಿಕೆ ನಿಲ್ಲಬೇಕಿಲ್ಲ. ಅರಾಸ್ ಎಂಬ ಹವ್ಯಾಸಿಗಳ ಬಳಗದ ನೋವಾ ಸಂಗ್ರಹದಲ್ಲಿ ರೋಹಿತಗಳು ಫಿಟ್ಸ್ ಕಡತಗಳಾಗಿ (ಖಗೋಳ ದತ್ತಾಂಶ ಇಡುವ ಕಡತದ ಬಗೆ) ಸಿಗುತ್ತವೆ. ಅಮೆರಿಕದ ಬದಲುತಾರೆ ವೀಕ್ಷಕರ ಸಂಘವಾದ ಎಎವಿಎಸ್‌ಒ ಕೂಡ ರೋಹಿತಗಳನ್ನು ಸಂಗ್ರಹಿಸುತ್ತದೆ. ಮಾರ್ಚ್ ಕೊನೆ, ಮೇ ಮಧ್ಯ, ಆಮೇಲಿನ ಒಂದೆರಡು ಏರಿಳಿತ, ಕೊನೆಗೆ ವರ್ಷ ಕಳೆದ ಮೇಲಿನ ಒಂದು, ಹೀಗೆ ಬೇರೆ ಬೇರೆ ಹೊತ್ತಿನವು ಆರಿಸಿಕೊಳ್ಳಿ.

ಮುಂದಿನ ನೋವಾಗೆ ನೀವೇ ತಯಾರಾಗಬೇಕೆಂದಿದ್ದರೆ ಸ್ಟಾರ್ ಅನಲೈಸರ್ 100 ಅಗ್ಗದ ದಾರಿ. ಅದು ಮಿಲಿಮೀಟರಿಗೆ 100 ಗೆರೆಗಳಿರುವ ಗ್ರೇಟಿಂಗ್, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗಾಜು. ಒಂದೂಕಾಲು ಇಂಚಿನ ಫಿಲ್ಟರ್ ತಿರುಪಿಗೆ ಕೂರುತ್ತದೆ. ಇದರ ವಿಭೇದನ (ಅಕ್ಕಪಕ್ಕದ ತರಂಗಾಂತರಗಳನ್ನು ಬೇರ್ಪಡಿಸುವ ಶಕ್ತಿ) ಸುಮಾರು 100. ಎಚ್-ಆಲ್ಫಾ ಎಂಬ ಹೈಡ್ರೋಜನ್‌ನ ಕೆಂಪು ರೇಖೆಯ (6563) ಬಳಿ ಅದು 65 ಆಂಗ್‌ಸ್ಟ್ರಮ್, ವೇಗದ ಲೆಕ್ಕದಲ್ಲಿ ಸೆಕೆಂಡಿಗೆ 3,000 ಕಿ.ಮೀ. ಯಾವ ಮೂಲವಸ್ತು ಇದೆ ಎಂದು ಹೇಳಲು ಇದು ಸಾಕು. ನಿಧಾನ ನೋವಾದ ಅನಿಲದ ವೇಗ ಅಳೆಯಲು ಸಾಲದು. ಅದಕ್ಕೆ ಆಲ್ಪಿ 600ರಂಥ ಸೀಳುಗಂಡಿಯ ಸ್ಪೆಕ್ಟ್ರೋಗ್ರಾಫ್ ಬೇಕು. ವಿಭೇದನ 600 ಅಂದರೆ ಸೆಕೆಂಡಿಗೆ 500 ಕಿ.ಮೀ. ರೇಖೆಯ ಆಕಾರದ ಒಳಗಿನ ಸೂಕ್ಷ್ಮ ಬೇಕಿದ್ದರೆ ಲೈರ್ಸ್ 3 ತರಹದ್ದು ಬೇಕು. ಅದರ ಬೆಲೆಯೂ ಹಾಗೇ ಇರುತ್ತದೆ. ಒಂದು ಕ್ಲಬ್ ಅಥವಾ ಕಾಲೇಜು ಸೇರಿ ಕೊಂಡರೆ ಸರಿ.

ಈ ನೋವಾ ಇದ್ದದ್ದು ಕ್ಯಾಸಿಯೋಪಿಯಾದಲ್ಲಿ, ಎಂ52 ತಾರಾಗುಚ್ಛದ ಪಕ್ಕ. ಕ್ಯಾಸಿಯೋಪಿಯಾ ಅಂದರೆ ನಮ್ಮ ಪುಸ್ತಕಗಳ ಕುಂತಿ ನಕ್ಷತ್ರಪುಂಜ. ಆ ಜಾಗದ ಘಂಟಾವೃತ್ತಾಂಶ (ಆಕಾಶದ ಅಕ್ಷಾಂಶ) ಉತ್ತರ 61 ಡಿಗ್ರಿ. ಬೆಂಗಳೂರಿನಿಂದ ನೋಡಿದರೆ ಅದು ಉತ್ತರದಲ್ಲಿ 42 ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ. ಅಷ್ಟು ಕೆಳಗಿರುವ ತಾರೆಯ ನೀಲಿ ಬೆಳಕನ್ನು ವಾತಾವರಣ ಚೆನ್ನಾಗಿಯೇ ತಿನ್ನುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ನಿಯಾನ್ ಹುಡುಕುವಾಗ ಬೇಕಾಗುತ್ತದೆ.

ಹಂತ 2: ಮೊದಲು ಬೆಳಕಿನ ನಕ್ಷೆ ಬರೆಯಿರಿ

ರೋಹಿತ ತೆರೆಯುವ ಮೊದಲೇ ಈ ಕೆಲಸ ಮುಗಿಸಿ. ಎಎವಿಎಸ್‌ಒದಿಂದ ಕಾಂತಿಮಾನಗಳನ್ನು ಇಳಿಸಿಕೊಂಡು, ದಿನಾಂಕದ ಎದುರು ಗುರುತು ಹಾಕಿ. ನಿಮ್ಮ ಬಳಿ ಇರುವ ಪ್ರತಿ ರೋಹಿತದ ದಿನಕ್ಕೂ ಅದರ ಮೇಲೆ ಒಂದು ಗೆರೆ ಎಳೆಯಿರಿ.

ತುದಿಯಿಂದ ಎರಡು ಕಾಂತಿಮಾನ ಇಳಿಯಲು ಎಷ್ಟು ದಿನ ಬೇಕಾಯಿತು ಎಂಬುದರ ಮೇಲೆ ನೋವಾಗಳನ್ನು ವಿಂಗಡಿಸುವ ರೂಢಿ ಇದೆ. ಸಿಸಿಲಿಯಾ ಪೇನ್-ಗಪೋಷ್ಕಿನ್ 1957ರಲ್ಲಿ ಮಾಡಿದ ವಿಂಗಡಣೆ ಇದು. ಹತ್ತು ದಿನದೊಳಗಾದರೆ ಅತಿ ವೇಗ. 80 ದಿನ ದಾಟಿದರೆ ನಿಧಾನ, 150 ದಾಟಿದರೆ ಅತಿ ನಿಧಾನ. ಆದರೆ ವಿ1405 ಕ್ಯಾಸ್‌ನಂಥ ನೋವಾ ಎರಡು ಕಾಂತಿಮಾನದ ಗೆರೆಯನ್ನು ಒಂದು ಸಲ ದಾಟಿ ಸುಮ್ಮನಾಗುವುದಿಲ್ಲ, ಮತ್ತೆ ಮೇಲೆ ಬರುತ್ತದೆ. ಆದ್ದರಿಂದ ಕೊನೆಯ ಸಲ ದಾಟಿದ ದಿನವನ್ನು ಲೆಕ್ಕಕ್ಕೆ ಹಿಡಿಯಿರಿ. ಹಾಗೆ ಹಿಡಿದಿದ್ದೇನೆ ಎಂದು ಪಕ್ಕದಲ್ಲಿ ಬರೆದೂ ಇಡಿ.

ಹಂತ 3: ಅಳತೆಪಟ್ಟಿ ಸರಿ ಮಾಡುವುದು

ಸಂಗ್ರಹದಿಂದ ತಂದ ಕಡತಗಳಲ್ಲಿ ಇದು ಆಗಲೇ ಆಗಿರುತ್ತದೆ. ನೀವೇ ತೆಗೆದಿದ್ದರೆ ಮಾಡಬೇಕು.

ಗ್ರೇಟಿಂಗ್ ಮಾತ್ರ ಇರುವವರಿಗೆ ಲೆಕ್ಕ ಸುಲಭ. ಕ್ಯಾಮೆರಾದ ಪಿಕ್ಸೆಲ್ ಅಳತೆಯನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 10,000ದಿಂದ ಗುಣಿಸಿ. ಗೆರೆಗಳ ಸಂಖ್ಯೆಯನ್ನು ಗ್ರೇಟಿಂಗ್‌ನಿಂದ ಸೆನ್ಸರ್‌ವರೆಗಿನ ಮಿಲಿಮೀಟರ್‌ಗಳಿಂದ ಗುಣಿಸಿ, ಅದರಿಂದ ಭಾಗಿಸಿ. ಪಿಕ್ಸೆಲ್ 3.75 ಮೈಕ್ರಾನ್, ದೂರ 40 ಮಿ.ಮೀ. ಆದರೆ ಒಂದು ಪಿಕ್ಸೆಲ್‌ಗೆ 9.4 ಆಂಗ್‌ಸ್ಟ್ರಮ್ ಬರುತ್ತದೆ. ಇದು ಅಂದಾಜು. ಖಚಿತ ಮಾಡಿಕೊಳ್ಳಲು ವೇಗಾದಂಥ (ನಮ್ಮ ಅಭಿಜಿತ್) ಬಿಳಿಯ ಎ-ವರ್ಗದ ತಾರೆಯೊಂದನ್ನು ಅದೇ ಸಲಕರಣೆಯಿಂದ ತೆಗೆಯಿರಿ. ಅದರಲ್ಲಿ ಹೈಡ್ರೋಜನ್‌ನ ಹೀರಿಕೆ ರೇಖೆಗಳು ಎದ್ದು ಕಾಣುತ್ತವೆ: 6563, 4861, 4340, 4102. ಅದೇ ತಾರೆಯಿಂದ ಕ್ಯಾಮೆರಾದ ಬಣ್ಣಸಂವೇದನೆಯನ್ನೂ ಸರಿಪಡಿಸಬಹುದು. ಆದರೆ ಅದು ನೋವಾದಷ್ಟೇ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ನೀಲಿ ತುದಿ ಸುಳ್ಳು ಹೇಳುತ್ತದೆ.

ಇನ್ನೊಂದು ಎಚ್ಚರಿಕೆ, ನೋವಾಗಳಿಗೇ ವಿಶೇಷವಾದದ್ದು. ಎಚ್-ಆಲ್ಫಾ ಉಳಿದ ರೇಖೆಗಳಿಗಿಂತ ಎಷ್ಟೋ ಪಟ್ಟು ಜೋರಾಗಿರುತ್ತದೆ. ನೀಲಿ ಭಾಗ ಚೆನ್ನಾಗಿ ಬರಲಿ ಎಂದು ಎಕ್ಸ್‌ಪೋಷರ್ ಜಾಸ್ತಿ ಮಾಡಿದರೆ ಎಚ್-ಆಲ್ಫಾ ತುಂಬಿ ಹೋಗುತ್ತದೆ. ಆ ರೇಖೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆ ಮೇಲೆ ಅದರ ಬಲ ಅಳೆದು ಪ್ರಯೋಜನವಿಲ್ಲ. ಪ್ರತಿ ರಾತ್ರಿ ಎರಡು ಬಗೆಯ ಚಿತ್ರ ತೆಗೆಯಿರಿ. ಚಿಕ್ಕದು ಎಚ್-ಆಲ್ಫಾಗೆ, ಉದ್ದದ್ದು ಉಳಿದವಕ್ಕೆ.

ನೋವಾದ್ದಲ್ಲದ ಗುರುತುಗಳನ್ನೂ ಮೊದಲೇ ತಿಳಿದಿರಿ. 6867 ಮತ್ತು 7600ರ ಬಳಿಯ ಕುಳಿಗಳು ನಮ್ಮದೇ ಗಾಳಿಯ ಆಮ್ಲಜನಕದವು. 5577 ಮತ್ತು 6300ರಲ್ಲಿ ರಾತ್ರಿಯ ಆಕಾಶವೇ ಮಿನುಗುತ್ತದೆ. 5461 ಮತ್ತು 4358 ಪಾದರಸದ ಬೀದಿದೀಪದ್ದು.

ಹಂತ 4: ರೇಖೆ ಗುರುತಿಸುವುದು

ಇಲ್ಲಿ ಸಮಯ ಕೊಡಿ. ಹೊಸಬರು ಎಡವುವುದು ಇಲ್ಲೇ.

ಒಂದು ತರಂಗಾಂತರ ನೋಡಿ ಮೂಲವಸ್ತುವಿನ ಹೆಸರು ಹೇಳಬೇಡಿ. ಅದರ ಒಡಹುಟ್ಟಿದ ರೇಖೆಗಳೂ ಇವೆಯೇ ನೋಡಿ. ನೋವಾದಲ್ಲಿ ರೇಖೆಗಳು ಅಗಲವಾಗಿರುವುದರಿಂದ ಅಕ್ಕಪಕ್ಕದವು ಒಂದರ ಮೇಲೊಂದು ಬೀಳುತ್ತವೆ.

ತುಂಬಾ ಸತಾಯಿಸುವ ಜಾಗ 5000ದಿಂದ 5020ರವರೆಗಿನದು. ಅಲ್ಲೊಂದು ಉಬ್ಬು ಕಂಡರೆ ಮೂರು ಸಾಧ್ಯತೆ. ಹೀಲಿಯಂ-1ರ 5016 ಇರಬಹುದು. ಕಬ್ಬಿಣ-2ರ 5018 ಇರಬಹುದು. ಆಮ್ಲಜನಕ-3ರ 5007 ಇರಬಹುದು. ಕಬ್ಬಿಣವಾದರೆ 4924 ಮತ್ತು 5169 ಕೂಡ ಕಾಣಬೇಕು. ಇಲ್ಲೂ ಒಂದು ಬಲೆ ಇದೆ: ಹೀಲಿಯಂಗೂ 4922ರಲ್ಲಿ ಒಂದು ರೇಖೆ ಇದೆ. ಹಾಗಾಗಿ ತೀರ್ಮಾನ ಕೊಡುವುದು 5169. ಹೀಲಿಯಂ ಆದರೆ 5876, 6678, 7065 ಎದ್ದಿರಬೇಕು. ಆಮ್ಲಜನಕ-3 ಆದರೆ 4959ರಲ್ಲಿ ಇನ್ನೊಂದು ರೇಖೆ, ಸರಿಯಾಗಿ ಮೂರನೇ ಒಂದು ಪಾಲು ಬಲದಲ್ಲಿ ಇರಲೇಬೇಕು. ಆ ಅನುಪಾತ ಪರಮಾಣುವಿನ ಗುಣ, ನೋವಾ ಅದನ್ನು ಬದಲಿಸಲಾರದು.

5876ರ ಪಕ್ಕದಲ್ಲೇ ಸೋಡಿಯಂನ 5890 ಮತ್ತು 5896 ಇವೆ. ನಡುವಿನ ಅಂತರಿಕ್ಷದ ಅನಿಲವೂ ಅಲ್ಲಿ ಚೂಪಾದ ಹೀರಿಕೆ ಬಿಡುತ್ತದೆ. 6375ರಲ್ಲಿ ಏನೋ ಕಂಡ ಕೂಡಲೇ ಕಬ್ಬಿಣ-10 ಎಂದು ಸಂಭ್ರಮಿಸಬೇಡಿ. ಆಮ್ಲಜನಕ-1ರ 6364 ಅಲ್ಲೇ ಇದೆ. ಅದರ ಅಣ್ಣ 6300ಕ್ಕೆ ಸಾಮಾನ್ಯವಾಗಿ ಮೂರು ಪಟ್ಟು ಬಲ. 6300 ದುರ್ಬಲವಾಗಿದ್ದು 6375 ಜೋರಾಗಿದ್ದರೆ ಮಾತ್ರ ಕಬ್ಬಿಣದ ಮಾತು ಎತ್ತಿ. ಆಗಲೂ 6087ರಲ್ಲಿ ಕಬ್ಬಿಣ-7 ಇದೆಯೇ ನೋಡಿಕೊಳ್ಳಿ.

4640 ಮತ್ತು 4686 ಅನ್ನು ಬೇರೆಯಾಗಿ ಗುರುತು ಮಾಡಿ. ಮೊದಲನೆಯದು ಮುಖ್ಯವಾಗಿ ನೈಟ್ರೋಜನ್-3, ಎರಡನೆಯದು ಹೀಲಿಯಂ-2. ಎರಡೂ ಹೆಚ್ಚಿನ ಬಿಸಿಯ ಸೂಚಕಗಳು.

ಹಂತ 5: ರೇಖೆಯ ಆಕಾರದಿಂದ ವೇಗ

ಮೊದಲ ವಾರಗಳ ರೋಹಿತದಲ್ಲಿ ಉತ್ಸರ್ಜನ ರೇಖೆಯ ಎಡಬದಿಗೆ ಅಂಟಿಕೊಂಡು ಒಂದು ಕುಳಿ ಇರುತ್ತದೆ. ಇದಕ್ಕೆ ಪಿ ಸಿಗ್ನಿ ಆಕಾರ ಎನ್ನುತ್ತಾರೆ. ನಮ್ಮತ್ತ ಬರುತ್ತಿರುವ ಅನಿಲ ಹಿಂದಿನ ಬೆಳಕನ್ನು ಹೀರಿಕೊಳ್ಳುತ್ತದೆ. ಅದು ನಮ್ಮ ಕಡೆಗೇ ಧಾವಿಸುತ್ತಿರುವುದರಿಂದ ಹೀರಿಕೆ ನೀಲಿ ಬದಿಗೆ ಸರಿಯುತ್ತದೆ.

ಕುಳಿಯ ತಳ ಎಲ್ಲಿದೆ ನೋಡಿ. ಉದಾಹರಣೆಗೆ ಎಚ್-ಆಲ್ಫಾದ ಕುಳಿ 6528ರಲ್ಲಿದೆ ಎನ್ನೋಣ. ವ್ಯತ್ಯಾಸ 35. ಅದನ್ನು 6563ರಿಂದ ಭಾಗಿಸಿ, ಬೆಳಕಿನ ವೇಗವಾದ 2,99,792ರಿಂದ ಗುಣಿಸಿ. ಸೆಕೆಂಡಿಗೆ ಸುಮಾರು 1,600 ಕಿ.ಮೀ. ಸಿಗುತ್ತದೆ. ಭೂಮಿಯ ಸ್ವಂತ ಓಟದ ತಿದ್ದುಪಡಿ ಹೆಚ್ಚೆಂದರೆ 30 ಕಿ.ಮೀ. ಆಲ್ಪಿ ಮಟ್ಟದ ರೋಹಿತದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಪ್ರತಿ ದಿನಾಂಕಕ್ಕೂ ಮಾಡಿ, ಬೆಳಕಿನ ನಕ್ಷೆಯ ಕೆಳಗೆ ಅದೇ ಅಳತೆಯಲ್ಲಿ ಗುರುತಿಸಿ. ವಿ1405 ಕ್ಯಾಸ್‌ನ ಮೊದಲ ದಿನಗಳಲ್ಲಿ ಹೈಡ್ರೋಜನ್, ಹೀಲಿಯಂ ರೇಖೆಗಳು ತೋರಿದ ವೇಗ ದಿನದಿಂದ ದಿನಕ್ಕೆ ಇಳಿಯಿತು. ಅನಿಲಕ್ಕೆ ಬ್ರೇಕ್ ಬಿತ್ತು ಎಂದು ಅರ್ಥ ಮಾಡಬೇಡಿ. ವೇಗದ ಹೊರಪದರ ತೆಳುವಾಗಿ ಪಾರದರ್ಶಕವಾದಾಗ ನಮ್ಮ ನೋಟ ಒಳಗಿನ ನಿಧಾನದ ಪದರಗಳಿಗೆ ಇಳಿಯುತ್ತದೆ.

ಹಂತ 6: ವರ್ಗ ಹೇಳುವ ಮೊದಲು ಸಾಲಾಗಿ ಜೋಡಿಸಿ

1992ರಲ್ಲಿ ರಾಬರ್ಟ್ ವಿಲಿಯಮ್ಸ್ ನೋವಾ ರೋಹಿತಗಳನ್ನು ಎರಡು ವರ್ಗ ಮಾಡಿದರು. ಹೈಡ್ರೋಜನ್ ಬಿಟ್ಟರೆ ಕಬ್ಬಿಣ-2ರ ರೇಖೆಗಳೇ ಜೋರಾಗಿದ್ದರೆ ಕಬ್ಬಿಣದ ವರ್ಗ. ಹೀಲಿಯಂ, ನೈಟ್ರೋಜನ್ ಜೋರಾಗಿದ್ದರೆ ಹೀಲಿಯಂ-ನೈಟ್ರೋಜನ್ ವರ್ಗ.

ಒಂದು ಅಗುಳು ಹಿಚುಕಿ ಅನ್ನ ಬೆಂದಿದೆ ಎನ್ನಬಹುದು. ಒಂದು ರಾತ್ರಿಯ ರೋಹಿತ ನೋಡಿ ನಿಧಾನ ನೋವಾದ ವರ್ಗ ಹೇಳಲಾಗದು. ಕಂಡುಹಿಡಿದ ಹತ್ತು ಗಂಟೆಯೊಳಗೆ ಜಪಾನಿನ ತಂಡವೊಂದು ವಿ1405 ಕ್ಯಾಸ್‌ನ ರೋಹಿತ ತೆಗೆಯಿತು. ಅದರಲ್ಲಿ ಹೀಲಿಯಂ-2 ಮತ್ತು ನೈಟ್ರೋಜನ್-3 ಎದ್ದು ಕಂಡವು. ಮೂರು ಚಿಲ್ಲರೆ ದಿನಗಳಲ್ಲಿ ಅವು ಹೋಗಿ ನೈಟ್ರೋಜನ್-2, ಸಿಲಿಕಾನ್-2, ಆಮ್ಲಜನಕ-1 ಬಂದವು. ಮೇ ತಿಂಗಳ ತುದಿಯ ಹೊತ್ತಿಗೆ ಕಬ್ಬಿಣ-2 ಮೆರೆಯಿತು. ಆಮೇಲೆ ಹೀಲಿಯಂ, ನೈಟ್ರೋಜನ್ ಮರಳಿದವು. ಮಾರ್ಚ್‌ನಲ್ಲಿ ನೋಡಿದವರು ಒಂದು ವರ್ಗ ಹೇಳುತ್ತಿದ್ದರು, ಮೇನಲ್ಲಿ ನೋಡಿದವರು ಇನ್ನೊಂದು. ಇಬ್ಬರದೂ ಅರ್ಧ ಸರಿ.

ಕಾರಣ ಹೀಗಿದೆ. ಹೊಳಪಿನ ತುದಿಯಲ್ಲಿ ಬೆಳಕು ಹೊಮ್ಮುವ ಮೇಲ್ಮೈ ಉಬ್ಬಿ ತಣ್ಣಗಾಗುತ್ತದೆ, ಸುಮಾರು 10,000 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆ. ಆಗ ಕಬ್ಬಿಣ-2 ಉಳಿಯಬಲ್ಲದು. ಮೇಲ್ಮೈ ಒಳಕ್ಕೆ ಸರಿದಾಗ ಬಿಸಿ ಏರುತ್ತದೆ, ಹೀಲಿಯಂ ಮೇಲುಗೈ ಪಡೆಯುತ್ತದೆ. 2024ರಲ್ಲಿ ಎಲಿಯಾಸ್ ಐದಿ ಮತ್ತು ಸಂಗಡಿಗರು ಹಲವು ನೋವಾಗಳನ್ನು ಹೋಲಿಸಿ, ಇವು ಎರಡು ಜಾತಿಗಳಲ್ಲ, ಒಂದೇ ನೋವಾದ ಬೇರೆ ಬೇರೆ ಹಂತಗಳು ಎಂದು ವಾದಿಸಿದರು. ನನಗೆ ಈ ವಾದ ಪೂರ್ತಿ ಒಪ್ಪಿಗೆ. ವೇಗದ ನೋವಾಗಳಲ್ಲಿ ಮೊದಲ ಹಂತ ನಾವು ದೂರದರ್ಶಕ ತಿರುಗಿಸುವಷ್ಟರಲ್ಲಿ ಮುಗಿದಿರುತ್ತದೆ. ನಿಧಾನ ನೋವಾ ಇಡೀ ಸಾಲನ್ನು ಕಾಣಲು ಬಿಡುತ್ತದೆ.

ಹಾಗಾಗಿ ಮಾಡಬೇಕಾದ್ದು ಇಷ್ಟು. ಎಲ್ಲ ರೋಹಿತಗಳನ್ನು ಒಂದರ ಕೆಳಗೊಂದು ದಿನಾಂಕದ ಕ್ರಮದಲ್ಲಿ ಜೋಡಿಸಿ. 5169 ಮತ್ತು 5876ರ ಮೇಲಿಂದ ಕೆಳಗಿನವರೆಗೆ ಎರಡು ಗೆರೆ ಎಳೆಯಿರಿ. ಕಬ್ಬಿಣ ಬಂದು ಹೋಗುವುದು, ಹೀಲಿಯಂ ಹೋಗಿ ಬರುವುದು ಕಣ್ಣಿಗೇ ಕಾಣುತ್ತದೆ.

ಹಂತ 7: ರೇಖೆಯ ಬಲ ಅಳೆಯುವಾಗ ಮೋಸಹೋಗಬೇಡಿ

ಸಾಫ್ಟ್‌ವೇರ್‌ಗಳು ಕೊಡುವ ಸಾಮಾನ್ಯ ಅಳತೆ ಸಮಾನ ಅಗಲ. ಹಿನ್ನೆಲೆಯ ಬೆಳಕಿಗೆ ಹೋಲಿಸಿದರೆ ರೇಖೆ ಎಷ್ಟು ಬಲವಾಗಿದೆ ಎಂಬುದು. ಏರಿಳಿಯುವ ನೋವಾದಲ್ಲಿ ಹಿನ್ನೆಲೆಯೇ ಬದಲಾಗುತ್ತಿರುತ್ತದೆ, ಅಲ್ವಾ? ಅಲ್ಲೇ ತೊಂದರೆ.

ಲೆಕ್ಕ ಹಾಕಿ ನೋಡೋಣ. ಕಾಂತಿಮಾನ 7.5 ಇದ್ದ ದಿನ ಎಚ್-ಆಲ್ಫಾದ ಸಮಾನ ಅಗಲ 200 ಆಂಗ್‌ಸ್ಟ್ರಮ್ ಎನ್ನೋಣ. 6.5ಕ್ಕೆ ಏರಿದ ದಿನ ಅದು 80. ರೇಖೆ ಕುಸಿಯಿತು ಎಂದು ಬರೆಯುವ ಮೊದಲು ತಾಳಿ. ಒಂದು ಕಾಂತಿಮಾನ ಅಂದರೆ ಬೆಳಕು 2.512 ಪಟ್ಟು. 80ನ್ನು ಅದರಿಂದ ಗುಣಿಸಿದರೆ 201. ಅಂದರೆ ರೇಖೆಯಿಂದ ಬರುವ ಬೆಳಕು ಬದಲಾಗಿಯೇ ಇಲ್ಲ, ಹಿನ್ನೆಲೆ ಮಾತ್ರ ಏರಿದೆ. ಅದೇ ರಾತ್ರಿಯ ವಿ ಕಾಂತಿಮಾನದಿಂದ (ಹಸಿರು-ಹಳದಿ ಫಿಲ್ಟರಿನಲ್ಲಿ ಅಳೆದದ್ದು) ಬೆಳಕಿನ ಪಟ್ಟು ತೆಗೆದು, ಸಮಾನ ಅಗಲವನ್ನು ಯಾವಾಗಲೂ ಅದರಿಂದ ಹೀಗೆ ಗುಣಿಸಿಯೇ ಹೋಲಿಸಿ. ಆರ್ (ಕೆಂಪು ಫಿಲ್ಟರಿನ) ಕಾಂತಿಮಾನ ಬೇಡ. ಅದರೊಳಗೆ ಎಚ್-ಆಲ್ಫಾದ ಬೆಳಕೇ ಸೇರಿಕೊಂಡಿರುತ್ತದೆ.

ಹಂತ 8: ನಿಷಿದ್ಧ ರೇಖೆಗಳು, ನಿಯಾನ್, ಮತ್ತು ಒಗಟು

ತಿಂಗಳುಗಳು ಕಳೆದಂತೆ ಅನಿಲ ತೆಳುವಾಗುತ್ತದೆ. ಆಗ ನಿಷಿದ್ಧ ರೇಖೆಗಳು ಬರುತ್ತವೆ. ಆಮ್ಲಜನಕ-3ರ ಪರಮಾಣು 5007ರ ಬೆಳಕು ಬಿಡುವ ಮೊದಲು ಸರಾಸರಿ ಅರ್ಧ ನಿಮಿಷ ಕಾಯಬೇಕು. ದಟ್ಟ ಅನಿಲದಲ್ಲಿ ಅಷ್ಟರೊಳಗೆ ಯಾವುದಾದರೂ ಎಲೆಕ್ಟ್ರಾನ್ ಬಂದು ಗುದ್ದುತ್ತದೆ. ಪ್ರಯೋಗಾಲಯದಲ್ಲಿ ಈ ರೇಖೆ ಸಿಗದೇ ಇದ್ದುದರಿಂದ 1864ರಲ್ಲಿ ವಿಲಿಯಂ ಹಗಿನ್ಸ್ ಕಂಡ ಹಸಿರು ರೇಖೆ ಆರು ದಶಕ ಒಗಟಾಗಿಯೇ ಉಳಿದಿತ್ತು. 1927ರಲ್ಲಿ ಐರಾ ಬೋವೆನ್ ಬಿಡಿಸಿದರು. ನಿಮ್ಮ ನೋವಾದಲ್ಲಿ 5007 ಮತ್ತು 4959 ಮೂರಕ್ಕೊಂದರಂತೆ ಕಂಡ ದಿನವನ್ನು ಗುರುತು ಮಾಡಿ. ಅನಿಲ ತೆಳುವಾದ ಹೊತ್ತು ಅದು.

ಇನ್ನು ನಿಯಾನ್. ನಿಯಾನ್-3ರ ರೇಖೆಗಳು 3869 ಮತ್ತು 3968ರಲ್ಲಿವೆ. 3968ನ್ನು ನಂಬಬೇಡಿ, ಹೈಡ್ರೋಜನ್‌ನ 3970 ಅದರ ಮೇಲೇ ಕೂತಿದೆ. 3869 ಒಂದೇ ಆಧಾರ. ಅದರ ಪಕ್ಕದಲ್ಲೂ 3889ರಲ್ಲಿ ಹೈಡ್ರೋಜನ್ ಇದೆ. ಅಷ್ಟು ನೀಲಿಯಲ್ಲಿ ಮಸೂರದ ಗಾಜು, ಕ್ಯಾಮೆರಾ, ನಮ್ಮೂರಿನಿಂದ ಕೆಳಗಿರುವ ಕುಂತಿ, ಮೂರೂ ಸೇರಿ ಬೆಳಕು ಕದಿಯುತ್ತವೆ. ಕನ್ನಡಿಯ ದೂರದರ್ಶಕ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಈ ಹಂತಕ್ಕೆ ಸಂಗ್ರಹದ ರೋಹಿತವೇ ಗತಿ.

ವಿ1405 ಕ್ಯಾಸ್‌ನ ತಡವಾದ ರೋಹಿತಗಳಲ್ಲಿ ನಿಯಾನ್ ಜೋರಾಗಿ ಕಂಡಿತು. ಅದನ್ನು ನಿಯಾನ್ ನೋವಾ ಎಂದು ಗುರುತಿಸಿದರು. ತೊಡಕು ಶುರುವಾಗುವುದು ಇಲ್ಲೇ. ಅಷ್ಟು ನಿಯಾನ್ ಬರಬೇಕಾದರೆ ಶ್ವೇತ ಕುಬ್ಜದ ಒಡಲು ಆಮ್ಲಜನಕ, ನಿಯಾನ್, ಮೆಗ್ನೀಶಿಯಂಗಳಿಂದ ಆಗಿರಬೇಕು. ಸಿದ್ಧಾಂತದ ಪ್ರಕಾರ ಅಂಥ ಕುಬ್ಜ ಸೂರ್ಯನ ಸುಮಾರು 1.1 ಪಟ್ಟಿಗಿಂತ ಕಡಿಮೆ ತೂಗುವಂತಿಲ್ಲ. ಆದರೆ ಅಷ್ಟು ಭಾರದ ಕುಬ್ಜ ಸಿಡಿದರೆ ನೋವಾ ವೇಗದ್ದಾಗಬೇಕು, ರೇಖೆಗಳು ಅಗಲವಾಗಿರಬೇಕು. ಇದು ನಿಧಾನ, ರೇಖೆಗಳೂ ಕಿರಿದು. ಹಗುರ ಕುಬ್ಜದ ಲಕ್ಷಣ. ಕ್ಯೋಟೋದ ಕೆಂಟಾ ತಗುಚಿ ಮತ್ತು ಸಂಗಡಿಗರು 2023ರಲ್ಲಿ ಮೊದಲ ದಿನಗಳ ರೋಹಿತಗಳನ್ನು ಮತ್ತೆ ಜಾಲಾಡಿದರು. 6237ರಲ್ಲಿ ಅಲ್ಯೂಮಿನಿಯಂ-2 ಎರಡನೇ ರೋಹಿತದಲ್ಲೇ ಮೂಡತೊಡಗಿತ್ತು. ನೈಟ್ರೋಜನ್ ಮತ್ತು ಅಲ್ಯೂಮಿನಿಯಂ ಎರಡೂ ಸಾಮಾನ್ಯಕ್ಕಿಂತ ತುಂಬಾ ಜಾಸ್ತಿ ಇದ್ದವು. ಅದು ಕೂಡ ನಿಯಾನ್ ಕುಬ್ಜದ ಕಡೆಗೇ ಬೆರಳು ತೋರಿಸುತ್ತದೆ. ಹಗುರವಾದರೂ ನಿಯಾನ್ ತುಂಬಿದ ಕುಬ್ಜ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ ತಾರಾವಿಕಾಸದ ಸಿದ್ಧಾಂತ ಉತ್ತರ ಕೊಡಬೇಕಿದೆ.

ಆ 6237ನ್ನು ನೀವೂ ಹುಡುಕಿ. ಮೊದಲ ನಾಲ್ಕು ದಿನಗಳ ರೋಹಿತಗಳು ಬೇಕು. ಅದು ಪುಟ್ಟ ರೇಖೆ. ಕಾಣದಿದ್ದರೆ ಹಿನ್ನೆಲೆಯ ಗದ್ದಲ ಎಷ್ಟಿದೆ ಅಳೆದು, ಅದರ ಮೂರು ಪಟ್ಟಿಗಿಂತ ಕಡಿಮೆ ಎಂದು ಬರೆಯಿರಿ. ಹಾಗೆ ಬರೆದದ್ದೂ ಉಪಯುಕ್ತ ದತ್ತಾಂಶವೇ.

ಹಂತ 9: ಮುಂದಿನ ನಿಧಾನ ನೋವಾಗೆ

ಇಂಥವು ಮೊದಲೂ ಬಂದಿವೆ. 1967ರ ಎಚ್‌ಆರ್ ಡೆಲ್ ಜುಲೈನಲ್ಲಿ ಕಂಡು ಡಿಸೆಂಬರ್‌ನಲ್ಲಿ ತುದಿ ಮುಟ್ಟಿತು. 1995ರ ವಿ723 ಕ್ಯಾಸ್ ಕೂಡ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಏರಿತು. ಹೊಸ ನೋವಾದ ಸುದ್ದಿ ಬಂದ ರಾತ್ರಿಯೇ ಒಂದು ರೋಹಿತ ತೆಗೆಯಿರಿ, ಕೆಟ್ಟದ್ದಾದರೂ ಸರಿ. ಮೊದಲ ನಾಲ್ಕು ರಾತ್ರಿ ಬಿಡದೆ ತೆಗೆಯಿರಿ. ಆಮೇಲೆ ವಾರಕ್ಕೊಂದು. ಹೊಳಪು ಅರ್ಧ ಕಾಂತಿಮಾನದಷ್ಟು ಬದಲಾದರೂ ಮತ್ತೆ ಪ್ರತಿ ರಾತ್ರಿ.

ದೊಡ್ಡ ದೂರದರ್ಶಕಗಳ ಕೆಲಸ ಬೇರೆ ಬಗೆಯದು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯ ಕ್ರೆಸ್ಟ್ ಆವರಣದಿಂದಲೇ ನಡೆಸುತ್ತಾರೆ. ಭಾರತೀಯ ಖಭೌತ ಸಂಸ್ಥೆಯ ಜಿ.ಸಿ. ಅನುಪಮಾ ಮೊದಲಾದವರು ವರ್ಷಗಳಿಂದ ನೋವಾ ರೋಹಿತಗಳ ಮೇಲೆ ಕೆಲಸ ಮಾಡಿದ್ದಾರೆ. ಆದರೆ ಅಂಥ ದೂರದರ್ಶಕದ ರಾತ್ರಿಗಳು ಬೇರೆ ಬೇರೆ ಕೆಲಸಗಳಿಗೆ ಹಂಚಿಹೋಗಿರುತ್ತವೆ. ಒಂದೇ ನೋವಾವನ್ನು ತಿಂಗಳುಗಟ್ಟಲೆ ಬಿಡದೆ ನೋಡಲು ಹವ್ಯಾಸಿಗಳೇ ಬೇಕು.

ಕಡತದ ತಲೆಬರಹದಲ್ಲಿ ಎಕ್ಸ್‌ಪೋಷರ್ ಶುರುವಾದ ಸಮಯವನ್ನು ಭಾರತೀಯ ಸಮಯದಲ್ಲಿ ಬರೆಯಬೇಡಿ. ಐದೂವರೆ ಗಂಟೆ ಕಳೆದು ಸಾರ್ವತ್ರಿಕ ಸಮಯದಲ್ಲಿ ಬರೆಯಿರಿ. ಸಲಕರಣೆ, ವಿಭೇದನ, ಜಾಗದ ಅಕ್ಷಾಂಶ ರೇಖಾಂಶ ಸೇರಿಸಿ. ಸರಿಪಡಿಸಿದ ಕಡತದ ಜೊತೆಗೆ ಕ್ಯಾಮೆರಾದಿಂದ ಬಂದ ಮೂಲ ಚಿತ್ರಗಳನ್ನೂ ಇಟ್ಟುಕೊಳ್ಳಿ. 6237ರಂಥ ಪುಟ್ಟ ರೇಖೆಯನ್ನು ಯಾರಾದರೂ ಮತ್ತೆ ಹುಡುಕಲು ಹೊರಟಾಗ ಕೇಳುವುದು ಅವನ್ನೇ.